ನಾದವೂ ಭಕ್ತಿಯೂ: ವಚನ ಹಾಡುವವರಿಗೆ, ಕೇಳುವವರಿಗೆ ನಾಲ್ಕು ಮಾತು



ಕಳೆದ ಶಿವಾನುಭವ ಗೋಷ್ಠಿಯಲ್ಲಿ ಆಡಿದ ಮಾತುಗಳನ್ನು ಬರೆದು ಪತ್ರಿಕೆಗೆ ಕೊಡಬೇಕೆಂದು ಪೂಜ್ಯ ಶ್ರೀಗಳವರು ಅಪ್ಪಣೆ ಕೊಡಿಸಿದ್ದಾರೆ. ನಾನು ಸಂಗೀತ ಬಲ್ಲವನಲ್ಲ. ಬಿ.ಕಾಂ. ಓದಿ ಮಠದ ಜಮಾ ಖರ್ಚು ಬರೆಯುವವನು. ಆದರೆ ಬಸವ ಜಯಂತಿಯ ವಚನ ಗಾಯನ ಸ್ಪರ್ಧೆಯ ಅಂಕಪಟ್ಟಿಯನ್ನು ಕೂಡಿಸಿ ಕಳೆಯುವ ಕೆಲಸವೂ ನನ್ನದೇ ಆದ್ದರಿಂದ, ಈ ವಿಷಯದಲ್ಲಿ ಎದ್ದಿರುವ ವಾದ ಮೊದಲು ಬಂದು ಮುಟ್ಟುವುದು ನನ್ನ ಮೇಜಿಗೆ.

ವಾದ ಏನೆಂಬುದು ಬಹುಮಂದಿಗೆ ತಿಳಿದೇ ಇದೆ. ನಮ್ಮ ಪಟ್ಟಿಯಲ್ಲಿ ನೂರು ಅಂಕ. ಶ್ರುತಿಗೆ 25, ತಾಳಕ್ಕೆ 25, ರಾಗಕ್ಕೆ 25, ಉಚ್ಚಾರಕ್ಕೆ 15, ಕೊನೆಗೆ ಉಳಿದ 10 ಭಾವಕ್ಕೆ. ‘ವಚನ ಹಾಡುವುದು ದೇವರಿಗೋ, ತೀರ್ಪುಗಾರರಿಗೋ? ಭಾವಕ್ಕೆ ಹತ್ತೇ ಅಂಕವೇ?’ ಎಂದು ಹಿರಿಯರು ಕೇಳುತ್ತಾರೆ. ‘ಭಾವವನ್ನು ಅಳೆಯುವುದು ಹೇಗೆ? ನಾಳೆ ಒಂದು ಮಗುವಿಗೆ ಏಳು, ಇನ್ನೊಂದಕ್ಕೆ ಎಂಟು ಕೊಟ್ಟರೆ ತಂದೆ ತಾಯಿಗಳಿಗೆ ಉತ್ತರ ಹೇಳುವವರು ಯಾರು?’ ಎಂದು ಸಮಿತಿಯಲ್ಲಿರುವ ವ್ಯಾಪಾರಿ ಬಂಧುಗಳು ಕೇಳುತ್ತಾರೆ. ಇಬ್ಬರ ಮಾತಿನಲ್ಲೂ ಹುರುಳಿದೆ.

ಹಿರಿಯರ ಕಡೆಯವರು ಕೂಡಲೇ ಅಣ್ಣ ಬಸವಣ್ಣನವರ ಒಂದು ವಚನವನ್ನು ಮುಂದೆ ತರುತ್ತಾರೆ. ತಾಳದ ಲೆಕ್ಕವಾಗಲಿ, ಛಂದಸ್ಸಿನ ಗಣಗಳಾಗಲಿ ತಮಗೆ ಗೊತ್ತಿಲ್ಲ, ಅದರಿಂದ ದೇವರಿಗೇನೂ ನಷ್ಟವಿಲ್ಲವಾದ್ದರಿಂದ ತಮ್ಮ ಪ್ರೀತಿ ನಡೆಸಿದ ಹಾಗೆ ಹಾಡುತ್ತೇವೆ ಎಂಬುದು ಅದರ ತಾತ್ಪರ್ಯ. ಇನ್ನೊಂದು ವಚನದಲ್ಲಿ ಅಣ್ಣನವರು ಶಿವನು ನಾದಕ್ಕೆ ಒಲಿಯುವವನೂ ಅಲ್ಲ, ವೇದಕ್ಕೆ ಒಲಿಯುವವನೂ ಅಲ್ಲ, ಭಕ್ತಿಗೆ ಮಾತ್ರ ಒಲಿಯುವವನು ಎಂದು ಖಂಡಿತವಾಗಿ ಹೇಳುತ್ತಾರೆ. ಅದಕ್ಕೆ ಅವರು ಕೊಡುವ ಸಾಕ್ಷಿ ರಾವಣನದು. ಕೈಲಾಸದ ಅಡಿ ಸಿಕ್ಕಿಬಿದ್ದ ರಾವಣ ತನ್ನ ನರವನ್ನೇ ತಂತಿ ಮಾಡಿ ನುಡಿಸಿದ ಕಥೆ ನಮ್ಮ ಊರಿನ ಮಕ್ಕಳಿಗೂ ಗೊತ್ತು, ಬಯಲಾಟದಲ್ಲಿ ನೋಡಿದ್ದಾರೆ. ಅಷ್ಟು ನಾದ ಬಲ್ಲವನ ಗತಿ ಕಡೆಗೆ ಏನಾಯಿತು ಎಂಬುದು ಅಣ್ಣನವರ ಪ್ರಶ್ನೆ.

ಇಷ್ಟಕ್ಕೇ ನಿಂತರೆ ತೀರ್ಪು ಮುಗಿದ ಹಾಗೆ. ಆದರೆ ಬಸವಣ್ಣನವರದೇ ಮೂರನೆಯ ವಚನವೊಂದಿದೆ, ಅದನ್ನು ಈ ವಾದದಲ್ಲಿ ಯಾರೂ ತರುವುದಿಲ್ಲ. ಅದರಲ್ಲಿ ಅವರು ತಮ್ಮ ಶರೀರವನ್ನೇ ವಾದ್ಯವಾಗಿ ಮಾಡಿಕೊಳ್ಳೆಂದು ಬೇಡುತ್ತಾರೆ. ತಲೆ ಬುರುಡೆಯಾಗಲಿ, ನರ ತಂತಿಯಾಗಲಿ ಎಂದು ಒಂದೊಂದೇ ಅಂಗವನ್ನು ಹೆಸರಿಸಿ, ಮೂವತ್ತೆರಡು ರಾಗಗಳನ್ನು ನುಡಿಸೆನ್ನುತ್ತಾರೆ. ವೀಣೆ ಕಟ್ಟುವವನ ಜಗಲಿಯಲ್ಲಿ ಕೂತು ನೋಡಿದವರ ಮಾತು ಇದು. ತಾಳ ತಿಳಿಯದು ಎಂದ ವಚನದಲ್ಲೂ ಅವರು ಬಳಸಿದ ಶಬ್ದಗಳೆಲ್ಲ ಶಾಸ್ತ್ರದ ಶಬ್ದಗಳೇ. ನಿಜವಾಗಿ ತಿಳಿಯದವನಿಗೆ ತನಗೆ ಏನು ತಿಳಿಯದು ಎಂಬುದೂ ತಿಳಿಯುವುದಿಲ್ಲ. ಭಂಡಾರಿಯಾಗಿ ಬಿಜ್ಜಳನ ಬೊಕ್ಕಸದ ಲೆಕ್ಕ ನೋಡಿದವರು ‘ಲೆಕ್ಕ ನನಗೆ ಬಾರದು’ ಎಂದರೆ ಆ ಮಾತನ್ನು ನಾವು ಹೇಗೆ ತಿಳಿಯುತ್ತೇವೋ ಇದನ್ನೂ ಹಾಗೆಯೇ ತಿಳಿಯಬೇಕು. ಕಲಿತದ್ದನ್ನು ದೇವರ ಮುಂದೆ ಬಂಡವಾಳವಾಗಿ ಇಟ್ಟು ಬಡ್ಡಿ ಕೇಳುವುದಿಲ್ಲ ಎಂಬುದು ಅದರ ಅರ್ಥವೆಂದು ನನಗೆ ತೋರುತ್ತದೆ. ಕಲಿಯಬೇಡಿ ಎಂಬ ಅರ್ಥ ಅದಕ್ಕಿಲ್ಲ. ಶರಣರ ಬಳಗದಲ್ಲಿ ಕಿನ್ನರಿ ಬೊಮ್ಮಯ್ಯನವರಿಗೆ ಹೆಸರೇ ಅವರ ವಾದ್ಯದಿಂದ ಬಂತು. ಸಕಳೇಶ ಮಾದರಸರನ್ನು ಸಂಗೀತ ಬಲ್ಲವರೆಂದೇ ಪರಂಪರೆ ನೆನೆಯುತ್ತದೆ.

ಕೃಷಿಕ ಬಂಧುಗಳಿಗೆ ಅವರ ತೋಟದ ಮಾತನ್ನೇ ಹೇಳುತ್ತೇನೆ. ಮಳೆಗೆ ಮೊದಲು ಕೊಳೆರೋಗಕ್ಕೆ ಬೋರ್ಡೋ ದ್ರಾವಣ ಬಿಡುತ್ತೀರಿ. ಒಂದು ಕಿಲೋ ಮೈಲುತುತ್ತು, ಒಂದು ಕಿಲೋ ಸುಣ್ಣ, ನೂರು ಲೀಟರ್ ನೀರು. ‘ಅಳತೆ ಸ್ವಲ್ಪ ಹೆಚ್ಚು ಕಡಿಮೆ ಆಯಿತು, ಆದರೆ ಭಕ್ತಿಯಿಂದ ಕಲಸಿದ್ದೇನೆ’ ಎಂದರೆ ಕೊಳೆರೋಗ ಕೇಳುತ್ತದೆಯೇ? ಶ್ರುತಿಯೂ ಒಂದು ಅಳತೆ. ಷಡ್ಜ ಇರಬೇಕಾದ ಕಡೆ ಇರದಿದ್ದರೆ ಕೇಳುವವನ ಕಿವಿ ಆ ಕಡೆಗೇ ಎಳೆಯುತ್ತದೆ, ವಚನದ ಕಡೆಗೆ ಹೋಗುವುದಿಲ್ಲ. ಹಾಗಾದರೆ ಅಳತೆ ಸರಿಯಾದ ಮಾತ್ರಕ್ಕೆ ಹಾಡು ಆಯಿತೇ? ಅಡಿಕೆ ವ್ಯಾಪಾರಿಗಳು ಉತ್ತರ ಹೇಳಲಿ. ಚಾಲಿ ಅಡಿಕೆ ಹೊರಗಿನಿಂದ ಎಷ್ಟು ಬೆಳ್ಳಗೆ ಕಂಡರೂ ಒಂದೆರಡನ್ನು ಅಡಕತ್ತರಿಗೆ ಕೊಟ್ಟು ಒಳಗು ನೋಡದೆ ನೀವು ಧಾರಣೆ ಹೇಳಿದ್ದುಂಟೇ?

ನಮ್ಮ ಸಮಾಜದಲ್ಲಿ ಇದಕ್ಕೆ ದೊಡ್ಡ ದೃಷ್ಟಾಂತಗಳಿವೆ. ಹಾನಗಲ್ಲ ಶ್ರೀ ಕುಮಾರ ಮಹಾಸ್ವಾಮಿಗಳು (1867–1930) ಕಣ್ಣಿಲ್ಲದ ಹುಡುಗ ಗದಿಗೆಯ್ಯನನ್ನು ಕರೆತಂದು ಸಂಗೀತಕ್ಕೆ ಹಚ್ಚಿದರು. ಅವರೇ ಮುಂದೆ ಗಾನಯೋಗಿ ಪಂಚಾಕ್ಷರಿ ಗವಾಯಿಗಳಾದರು (1892–1944). ದಕ್ಷಿಣಾದಿ, ಉತ್ತರಾದಿ ಎರಡನ್ನೂ ಕಲಿತು, ತಮ್ಮಂತೆ ಕಣ್ಣಿಲ್ಲದ, ಗತಿಯಿಲ್ಲದ ಮಕ್ಕಳಿಗೆ ಕುಲ ಕೇಳದೆ ಅನ್ನ ಕೊಟ್ಟು, ಸ್ವರ ಕೊಟ್ಟರು. ಗದುಗಿನ ವೀರೇಶ್ವರ ಪುಣ್ಯಾಶ್ರಮ ಆ ಕೈಂಕರ್ಯದ ಫಲ. ಅವರ ಶಿಷ್ಯರಾದ ಪುಟ್ಟರಾಜ ಗವಾಯಿಗಳು (1914–2010) ಅದನ್ನು ಅರ್ಧ ಶತಮಾನಕ್ಕೂ ಮಿಕ್ಕಿ ನಡೆಸಿದರು. ಇವರಿಬ್ಬರಿಗಿಂತ ದೊಡ್ಡ ಭಕ್ತರನ್ನು ಎಲ್ಲಿ ಹುಡುಕೋಣ? ಆದರೂ ‘ಭಕ್ತಿಯಿದ್ದರೆ ಸಾಕು’ ಎಂದು ಯಾವ ಮಗುವಿಗೂ ಅವರು ಹೇಳಲಿಲ್ಲ. ತಂಬೂರಿಯ ಮುಂದೆ ಕೂರಿಸಿದರು, ಒಂದೇ ಪಲುಕನ್ನು ದಿನಗಟ್ಟಲೆ ತಿದ್ದಿಸಿದರು. ಕಣ್ಣಿಲ್ಲದ ಹುಡುಗನಿಗೆ ನಾಳೆ ಹೊಟ್ಟೆ ಹೊರೆಯುವುದು ಅವನ ವಿದ್ಯೆಯಿಂದಲೇ ಎಂಬುದನ್ನು ಅವರು ಬಲ್ಲರು. ಆ ಮಗುವಿಗೆ ತಾಳ ಸರಿಯಾಗಿ ಕಲಿಸದೆ ‘ಭಾವದಿಂದ ಹಾಡಪ್ಪಾ’ ಎನ್ನುವುದು ಕರುಣೆಯಾಗುತ್ತಿರಲಿಲ್ಲ.

ಧಾರವಾಡದ ಮಲ್ಲಿಕಾರ್ಜುನ ಮನಸೂರರ (1910–1992) ಮಾತೂ ಹಾಗೆಯೇ. ಮನಸೂರ ಗ್ರಾಮದ ಒಕ್ಕಲುತನದ ಮನೆಯವರು. ಮೊದಲು ನಾಟಕ ಕಂಪನಿ, ಆಮೇಲೆ ಮಿರಜದ ನೀಲಕಂಠ ಬುವಾ ಅವರಲ್ಲಿ ಗ್ವಾಲಿಯರ್ ಪದ್ಧತಿ. ಗ್ರಾಮಫೋನ್ ತಟ್ಟೆಗಳು ಹೊರಬಂದು ಹೆಸರಾದ ಮೇಲೂ ಮತ್ತೆ ಶಿಷ್ಯರಾಗಿ ಮುಂಬಯಿಯಲ್ಲಿ ಮಂಜೀಖಾನರ ಮುಂದೆ, ಅವರು ತೀರಿಕೊಂಡ ಬಳಿಕ ಅವರ ತಮ್ಮ ಬುರ್ಜೀಖಾನರ ಮುಂದೆ ಕುಳಿತರು. ಆ ಜೈಪುರ ಘರಾಣೆ ಬಹಳ ಬಿಗಿಯಾದದ್ದು. ಅಪರೂಪದ ಜೋಡುರಾಗಗಳು, ಲಯದೊಳಗೆ ಲಯ. ಅದನ್ನು ಕಟ್ಟಿದ ಅಲ್ಲಾದಿಯಾ ಖಾನರ (1855–1946) ಬಗ್ಗೆ ಒಂದು ಸಂಗತಿಯನ್ನು ಸಂಗೀತ ಬಲ್ಲವರು ಹೇಳುತ್ತಾರೆ. ಯೌವನದಲ್ಲಿ ಅತಿಯಾಗಿ ಹಾಡಿ ಅವರ ದನಿ ಕೆಟ್ಟಿತಂತೆ. ಮರಳಿ ಬಂದಾಗ ಹಿಂದಿನ ಇಂಪು ಇರಲಿಲ್ಲವಂತೆ. ಆ ದನಿಗೆ ಒಗ್ಗುವಂತೆ ಅವರು ಕಟ್ಟಿಕೊಂಡದ್ದು ಈ ಹೊಸ ದಾರಿ. ನಾವು ಕೇಳಿ ಬೆರಗಾಗುವ ಕಸರತ್ತು ಹುಟ್ಟಿದ್ದು ಒಂದು ನೋವಿನಿಂದ ಎಂದಾಯಿತು. ಭಾವ ಬೇರೆ, ವಿದ್ಯೆ ಬೇರೆ ಎಂದು ಎರಡು ಖಾತೆ ತೆರೆಯುವವರು ಇದನ್ನು ಯಾವ ಖಾತೆಗೆ ಬರೆಯುತ್ತಾರೆ?

ಮನಸೂರರು ಆ ವಿದ್ಯೆಯನ್ನೆಲ್ಲ ಇಟ್ಟುಕೊಂಡು ವಚನ ಹಾಡಿದರು. ಹಳೆಯ ಧ್ವನಿಮುದ್ರಣಗಳನ್ನು ಕೇಳಿ ನೋಡಿ. ರಾಗದಲ್ಲಿ ಎಲ್ಲಿಗೆ ಬೇಕಾದರೂ ಹೋಗಿ ಬರಬಲ್ಲವರು ವಚನದ ಮಾತು ಬಂದಾಗ ಬಾಗಿಲಲ್ಲಿ ಚಪ್ಪಲಿ ಬಿಟ್ಟವರ ಹಾಗೆ ನಡೆಯುತ್ತಾರೆ.

ಗದಗ, ಧಾರವಾಡ ನಮಗೆ ದೂರ. ಈ ಪ್ರಶ್ನೆ ನಮ್ಮ ಕಾಸರಗೋಡಿನ ಅಂಗಳದಲ್ಲೇ ಬಹಳ ಕಾಲದಿಂದ ಇತ್ಯರ್ಥವಾಗದೆ ಇದೆ, ಯಕ್ಷಗಾನದ ರೂಪದಲ್ಲಿ. ಕುಂಬಳೆಯ ಪಾರ್ತಿಸುಬ್ಬನ ನೆಲ ಇದು. ಬೇರೆ ಮಠದವರೆಂದು ಹೇಳದೆ ಬಿಡಲಾರೆ: ಎಡನೀರು ಮಠದ ಶ್ರೀ ಕೇಶವಾನಂದ ಭಾರತೀ ಸ್ವಾಮಿಗಳ ಹೆಸರು ದೇಶದ ವಕೀಲರಿಗೆಲ್ಲ 1973ರ ಸುಪ್ರೀಂ ಕೋರ್ಟ್ ತೀರ್ಪಿನಿಂದ ಬಾಯಿಪಾಠ, ನಮ್ಮ ಕಡೆಯವರಿಗೆ ಅವರು 2020ರಲ್ಲಿ ದೇಹ ಬಿಡುವವರೆಗೂ ಸ್ವತಃ ಭಾಗವತಿಕೆಗೆ ಕೂತು ಹಾಡುತ್ತಿದ್ದ ಸ್ವಾಮಿಗಳೆಂದೇ ಪರಿಚಯ.

ಯಕ್ಷಗಾನದಲ್ಲಿ ಭಾಗವತರ ಹಾಡು ತನಗಾಗಿ ಇರುವುದಲ್ಲ. ಪದ ಮುಗಿದೊಡನೆ ವೇಷಧಾರಿ ಆ ಪದಕ್ಕೆ ಅರ್ಥ ಹೇಳಬೇಕು. ಭಾಗವತರ ಬಾಯಿಂದ ಸಾಹಿತ್ಯ ಸ್ಪಷ್ಟವಾಗಿ ಬರದಿದ್ದರೆ ಸಭೆಗೆ ಮುಂದಿನ ಮಾತು ಹತ್ತುವುದಿಲ್ಲ. ಒಂದೇ ಶಬ್ದವನ್ನು ಹಿಡಿದು ಆಲಾಪ ಬೆಳೆಸುತ್ತ ಹೋದರೆ ಕೋಪದಿಂದ ಬಂದ ಭೀಮ ಗದೆ ಹಿಡಿದುಕೊಂಡು ಬಸ್ಸಿಗೆ ಕಾಯುವವನ ಹಾಗೆ ನಿಲ್ಲಬೇಕಾಗುತ್ತದೆ. ದಾಮೋದರ ಮಂಡೆಚ್ಚರು ಶಾಸ್ತ್ರೀಯ ರಾಗಗಳ ಸೊಗಸನ್ನು ಭಾಗವತಿಕೆಗೆ ತಂದಾಗ ಜನ ಮೆಚ್ಚಿದರು, ಮುಗಿಬಿದ್ದು ಕೇಳಿದರು. ಇನ್ನೊಂದು ಕಡೆ ಬಲಿಪ ನಾರಾಯಣ ಭಾಗವತರು (1938–2023). ಹುಟ್ಟಿದ್ದು ನಮ್ಮ ಪಡ್ರೆಯಲ್ಲಿ. ಹೊರಗಿನವರು ಆ ಊರಿನ ಹೆಸರನ್ನು ಎಂಡೋಸಲ್ಫಾನ್ ದುರಂತದಿಂದ ಕೇಳಿದ್ದಾರೆ, ಆದರೆ ಆಟ ನೋಡುವವರಿಗೆ ಅದು ಬಲಿಪರ ಊರು. ಏರುಶ್ರುತಿಯ ಆ ಕಂಠದಲ್ಲಿ ಕಛೇರಿ ಸಂಗೀತದ ನಯವನ್ನು ಹುಡುಕಿದವರಿಗೆ ಅದು ಸಿಕ್ಕಿರಲಿಕ್ಕಿಲ್ಲ. ಅವರು ಎತ್ತಿಕೊಟ್ಟ ಪದದಿಂದ ಪಾತ್ರ ರಂಗದ ಮೇಲೆ ಎದ್ದು ನಿಲ್ಲುತ್ತಿತ್ತು. ಇದನ್ನು ‘ಬರಿಯ ಭಾವ’ ಎನ್ನುವವರಿದ್ದಾರೆ, ನಾನು ಒಪ್ಪುವುದಿಲ್ಲ. ಪ್ರಸಂಗದ ನಡೆ, ತಾಳ, ಯಾವ ವೇಷಕ್ಕೆ ಎಷ್ಟು ಕಾಲ ಎಂಬುದೆಲ್ಲ ಕೈಬೆರಳಲ್ಲಿದ್ದವರು ಅವರು. ಸ್ವತಃ ಪ್ರಸಂಗ ಬರೆದವರು. ಅದೂ ಶಾಸ್ತ್ರವೇ, ಆದರೆ ಬೇರೆ ಶಾಸ್ತ್ರ.

ಮಧೂರಿನಲ್ಲಿ ಹುಟ್ಟಿದ ಲೀಲಾವತಿ ಬೈಪಾಡಿತ್ತಾಯರ (1947–2024) ಉದಾಹರಣೆಯನ್ನು ನಮ್ಮ ಹೆಣ್ಣುಮಕ್ಕಳು ನೆನಪಿನಲ್ಲಿಡಬೇಕು. ಅವರು ಕರ್ನಾಟಕ ಸಂಗೀತ ಮೊದಲೇ ಕಲಿತವರು. ಆದರೂ ಭಾಗವತಿಕೆಗೆ ಬರುವಾಗ ಚೆಂಡೆ ಮದ್ದಳೆ ಬಲ್ಲ ಪತಿ ಹರಿನಾರಾಯಣ ಬೈಪಾಡಿತ್ತಾಯರಿಂದ ಮತ್ತೆ ಪಾಠ ಹೇಳಿಸಿಕೊಳ್ಳಬೇಕಾಯಿತು. ಸ್ವರ ಗೊತ್ತಿತ್ತು, ತಾಳ ಗೊತ್ತಿತ್ತು. ಆದರೆ ಆಟದ ಹಾಡು ಎಲ್ಲಿ ತಗ್ಗಬೇಕು, ಎಲ್ಲಿ ಪಾತ್ರಕ್ಕೆ ಜಾಗ ಬಿಡಬೇಕು ಎಂಬುದು ಬೇರೆ ಕಲಿಕೆ. ಆ ಕಲಿಕೆಯ ಬಲದಿಂದ ಗಂಡಸರೇ ತುಂಬಿದ್ದ ಮೇಳಗಳಲ್ಲಿ ರಾತ್ರಿಯಿಡೀ ಹಾಡಿದರು.

ಈಗ ವಚನಕ್ಕೆ ಬರೋಣ. ವಚನ ಗದ್ಯ. ಕೀರ್ತನೆಯ ಹಾಗೆ ತಾಳಕ್ಕೆ ಅಳೆದು ಕತ್ತರಿಸಿದ ಬಟ್ಟೆಯಲ್ಲ. ಅದಕ್ಕೆ ಆದಿತಾಳವನ್ನೋ ತೀನತಾಳವನ್ನೋ ಕಟ್ಟುವಾಗ ಎಲ್ಲೋ ಒಂದು ಕಡೆ ಎಳೆಯಬೇಕು, ಎಲ್ಲೋ ನುಂಗಬೇಕು. ಎಲ್ಲಿ ಎಂಬುದೇ ವಿಷಯ. ನಮ್ಮ ಸ್ಪರ್ಧೆಯಲ್ಲಿ ಪ್ರತಿವರ್ಷ ಕೇಳುವ ಒಂದು ದೋಷ ಹೇಳುತ್ತೇನೆ. ಅಕ್ಕಮಹಾದೇವಿಯವರ ಅಂಕಿತ ಬಂದಾಗ ಮಕ್ಕಳು ಸಮಕ್ಕೆ ಸರಿಹೋಗಲೆಂದು ‘ಚೆನ್ನಮಲ್ಲಿ’ ಎಂದು ನಿಲ್ಲಿಸಿ ಉಸಿರು ತೆಗೆದುಕೊಂಡು ಆಮೇಲೆ ‘ಕಾರ್ಜುನ’ ಎನ್ನುತ್ತಾರೆ. ತಾಳದ ಪ್ರಕಾರ ಬಹಳ ಸರಿ, 25ಕ್ಕೆ 25. ಆದರೆ ಅಕ್ಕ ಕರೆದದ್ದು ಮಲ್ಲಿಗೆಯ ಬಳ್ಳಿಯನ್ನಲ್ಲ. ಅಂಕಿತವೆಂದರೆ ಒಂದು ಕೂಗು, ಎದುರಿಗಿದ್ದವನನ್ನು ಹೆಸರು ಹಿಡಿದು ಕರೆಯುವುದು. ಅಪ್ಪಾ ಎಂದು ಕರೆಯುವಾಗ ಯಾರಾದರೂ ‘ಅಪ್’ ಎಂದು ನಿಲ್ಲಿಸಿ ಉಸಿರೆಳೆದು ‘ಪಾ’ ಎನ್ನುತ್ತಾರೆಯೇ?

ಹಾಗೆಂದು ಭಾವದ ಹೆಸರಿನಲ್ಲಿ ನಡೆಯುವುದೆಲ್ಲ ಭಾವವೂ ಅಲ್ಲ. ಎರಡು ವರ್ಷದ ಹಿಂದೆ ಒಬ್ಬ ಯುವಕರು ಹಾಡುತ್ತ ಹಾಡುತ್ತ ಗದ್ಗದರಾಗಿ, ಕಣ್ಣೊರೆಸಿಕೊಂಡು, ಕೊನೆಯ ಸಾಲನ್ನು ಪಿಸುಮಾತಿನಲ್ಲಿ ಮುಗಿಸಿದರು. ಸಭೆ ಚಪ್ಪಾಳೆ ತಟ್ಟಿತು. ಮುಂದಿನ ವಾರ ಮತ್ತೊಂದು ಕಾರ್ಯಕ್ರಮದಲ್ಲಿ ಅದೇ ವಚನ, ಅದೇ ಶಬ್ದಕ್ಕೆ ಅದೇ ಗದ್ಗದ. ಅದನ್ನೂ ಅಭ್ಯಾಸ ಮಾಡಿಟ್ಟುಕೊಂಡಿದ್ದರು! ತಾನ್ ಹೊಡೆಯುವವನು ತನ್ನ ಗಂಟಲನ್ನು ಮೆರೆಸಿದರೆ ಅಳುವವನು ತನ್ನ ಎದೆಯನ್ನು ಮೆರೆಸುತ್ತಾನೆ, ಅಷ್ಟೇ ವ್ಯತ್ಯಾಸ. ಇಬ್ಬರ ಹಾಡಿನಲ್ಲೂ ವಚನ ಹಿಂದೆ ಬಿತ್ತು.

ಇನ್ನು ನಿಜವಾಗಿ ನನ್ನನ್ನು ಕಾಡಿದ ಸಂಗತಿ. ಕಳೆದ ಸ್ಪರ್ಧೆಯಲ್ಲಿ ಹೈಸ್ಕೂಲಿನ ಒಬ್ಬ ಹುಡುಗಿ ಮೊದಲ ಬಹುಮಾನ ಪಡೆದಳು. ಮಲಯಾಳ ಮಾಧ್ಯಮದಲ್ಲಿ ಓದುವ ಮಗು. 1956ರಲ್ಲಿ ನಮ್ಮ ನೆಲ ಕೇರಳಕ್ಕೆ ಸೇರಿದ ಮೇಲೆ ಮೂರನೆಯ ತಲೆಮಾರು. ಮನೆಯಲ್ಲಿ ಅಜ್ಜಿಗೆ ಬರುವ ಕನ್ನಡ ತಾಯಿಗೆ ಅರ್ಧ ಬರುತ್ತದೆ, ಮಗುವಿಗೆ ಕೇಳಿದರೆ ಅರ್ಥವಾಗುವಷ್ಟು. ವಚನವನ್ನು ಮಲಯಾಳ ಲಿಪಿಯಲ್ಲಿ ಬರೆದುಕೊಂಡು ಕಲಿತಿದ್ದಳು. ಶ್ರುತಿ, ತಾಳ, ರಾಗ ಯಾವುದರಲ್ಲೂ ಒಂದು ಕೂದಲು ಎಳೆ ಲೋಪವಿಲ್ಲ. ಬಹುಮಾನ ಕೊಟ್ಟ ಪೂಜ್ಯರು ಪ್ರೀತಿಯಿಂದ, ‘ತಾಯೀ, ಇದರಲ್ಲಿ ಅಣ್ಣನವರು ಏನು ಹೇಳಿದ್ದಾರೆ?’ ಎಂದು ಕೇಳಿದರು. ಮಗು ತಲೆ ತಗ್ಗಿಸಿತು. ಪೂಜ್ಯರು ನಕ್ಕು, ತಮ್ಮ ಪಕ್ಕದಲ್ಲೇ ಕೂರಿಸಿಕೊಂಡು ಒಂದೊಂದೇ ಮಾತಿನ ಅರ್ಥ ಹೇಳಿದರು. ಎರಡು ಕಡೆ ಮಲಯಾಳದಲ್ಲೇ ಹೇಳಿದರು.

ಮುಂದಿನ ತಿಂಗಳ ಶಿವಾನುಭವಕ್ಕೆ ಆ ಹುಡುಗಿ ಅದೇ ವಚನ ಹಾಡಿದಳು. ಈ ಸಲ ನಿಧಾನವಾಯಿತು. ವಚನ ತಿರುಗುವ ಜಾಗದಲ್ಲಿ, ಅಂದರೆ ಬೇರೆಯವರ ತಪ್ಪು ಹೇಳುತ್ತಿದ್ದ ಮಾತು ತಟಕ್ಕನೆ ತನ್ನ ಮೇಲೆ ತಿರುಗುವ ಕಡೆ, ಒಂದು ಕ್ಷಣ ತಡೆದಳು. ತಬಲದವರು ಮುಂದೆ ಹೋಗಿಬಿಟ್ಟರು. ತಾಳ ತಪ್ಪಿತು. ಮುಂದಿನ ಆವರ್ತಕ್ಕೆ ಹಿಡಿದುಕೊಂಡಳು. ಅಂದು ಅಂಕಪಟ್ಟಿ ಇರಲಿಲ್ಲ. ಇದ್ದಿದ್ದರೆ, ನಮ್ಮ ನಿಯಮದ ಪ್ರಕಾರ, ಹಿಂದಿನ ತಿಂಗಳಿಗಿಂತ ಅವಳಿಗೆ ಐದಾರು ಅಂಕ ಕಡಿಮೆ ಕೂಡಿಸಬೇಕಾಗುತ್ತಿತ್ತು. ಹಿಂದಿನ ತಿಂಗಳು ಆ ಮಗುವಿಗೆ ವಚನ ಗೊತ್ತೇ ಇರಲಿಲ್ಲ, ಈ ತಿಂಗಳು ಗೊತ್ತಿತ್ತು. ನಮ್ಮ ಪಟ್ಟಿ ಅದನ್ನು ನಷ್ಟವೆಂದು ತೋರಿಸುತ್ತದೆ.

ಇಲ್ಲಿ ನನ್ನ ಬಿ.ಕಾಂ. ಪಾಠ ನೆನಪಿಗೆ ಬರುತ್ತದೆ. ಅಂಗಡಿಯ ಒಳ್ಳೆಯ ಹೆಸರಿಗೆ, ಗುಡ್‌ವಿಲ್ ಎನ್ನುತ್ತಾರಲ್ಲ, ಅದಕ್ಕೆ ಲೆಕ್ಕಶಾಸ್ತ್ರದಲ್ಲಿ ವಿಚಿತ್ರವಾದ ನಿಯಮವಿದೆ. ಮೂವತ್ತು ವರ್ಷ ನ್ಯಾಯವಾಗಿ ತೂಗಿ ನೀವು ಗಳಿಸಿದ ಹೆಸರನ್ನು ನಿಮ್ಮ ಆಸ್ತಿಪಟ್ಟಿಯಲ್ಲಿ ಬರೆಯುವಂತಿಲ್ಲ. ಅಂಗಡಿಯನ್ನು ಬೇರೊಬ್ಬರು ಕೊಂಡು, ಹೆಸರಿಗೂ ಸೇರಿಸಿ ಬೆಲೆ ಕೊಟ್ಟಾಗ ಮಾತ್ರ ಅದು ಕೊಂಡವರ ಪುಸ್ತಕದಲ್ಲಿ ಏರುತ್ತದೆ. ಹಾಗೆಂದು ಇಷ್ಟು ದಿನ ಆ ಹೆಸರು ಇರಲಿಲ್ಲವೆಂದು ಯಾವ ವ್ಯಾಪಾರಿ ಒಪ್ಪುತ್ತಾನೆ? ಪುಸ್ತಕ ಸುಳ್ಳಲ್ಲ, ಎಣಿಸಲು ಬರುವುದನ್ನು ಮಾತ್ರ ಅದು ಎಣಿಸುತ್ತದೆ. ಅಂಕಪಟ್ಟಿಯೂ ಅಷ್ಟೇ. ಅದನ್ನು ಹರಿದುಹಾಕಿ ಎನ್ನುವ ಬಂಧುಗಳ ಮಾತನ್ನು ನಾನು ಒಪ್ಪಲಾರೆ. ಹರಿದುಹಾಕಿದರೆ ಮುಖ ನೋಡಿ ಬಹುಮಾನ ಕೊಡುವ ಕಾಲ ಬರುತ್ತದೆ, ಬಡವರ ಮಗುವಿಗೆ ಅದರಿಂದಲೇ ಮೊದಲು ಅನ್ಯಾಯ.

ಇನ್ನೊಂದು ಮಾತು. ಮಠದಲ್ಲಿ ಹಿಂದೆ ದಾಸೋಹಕ್ಕೆ ಅಕ್ಕಿ ಆರಿಸುತ್ತ, ತರಕಾರಿ ಹೆಚ್ಚುತ್ತ ತಾಯಂದಿರು ತಮ್ಮ ತಮ್ಮ ಧಾಟಿಯಲ್ಲಿ ವಚನ, ತತ್ವಪದ ಹೇಳುತ್ತಿದ್ದರು. ಎಲ್ಲವೂ ಇಂಪಾಗಿತ್ತೆಂದು ನಾನು ಹೇಳಲಾರೆ, ಕೆಲವರಿಗೆ ದನಿಯೇ ಇರಲಿಲ್ಲ. ಸ್ಪರ್ಧೆ, ಮೈಕು, ಶ್ರುತಿಪೆಟ್ಟಿಗೆ ಬಂದ ಮೇಲೆ ಆ ಹಾಡು ನಿಂತಿತು. ‘ನಮಗೆ ಬರುವುದಿಲ್ಲ ಅಪ್ಪಾ, ಮಕ್ಕಳು ಚೆನ್ನಾಗಿ ಹಾಡುತ್ತಾರೆ’ ಎನ್ನುತ್ತಾರೆ. ಆ ಅಜ್ಜಿಯರಿಗೆ ನೂರಾರು ವಚನಗಳ ಅರ್ಥ ಗೊತ್ತು. ಮೊಮ್ಮಕ್ಕಳಿಗೆ ರಾಗ ಗೊತ್ತು. ಒಂದೇ ಮನೆಯಲ್ಲಿದ್ದೂ ಒಬ್ಬರದು ಒಬ್ಬರಿಗೆ ಮುಟ್ಟಿಲ್ಲ. ಈ ಗಡಿನಾಡಿನಲ್ಲಿ ಆ ಅಜ್ಜಿಯರು ಹೋದರೆ ಅರ್ಥ ಹೇಳುವವರನ್ನು ನಾವು ಎಲ್ಲಿಂದ ತರುವುದು?

ಪೂಜ್ಯರ ಸಮ್ಮುಖದಲ್ಲಿ ಸಮಿತಿ ಕೂತು ಈ ಕೆಳಗಿನಂತೆ ತೀರ್ಮಾನಿಸಿದೆ. ಬರುವ ಬಸವ ಜಯಂತಿಯಿಂದ ಪ್ರತಿ ಮಗುವೂ ಹಾಡುವ ಮೊದಲು ವಚನದ ತಾತ್ಪರ್ಯವನ್ನು ತನ್ನ ಮಾತಿನಲ್ಲಿ ಹೇಳಬೇಕು. ಕನ್ನಡ, ತುಳು, ಮಲಯಾಳ ಯಾವುದಾದರೂ ಆಗಬಹುದು. ಅದಕ್ಕೆ 20 ಅಂಕ, ಶ್ರುತಿ ತಾಳ ರಾಗಗಳಿಂದ ಇಷ್ಟಿಷ್ಟು ಕಳೆದು ಸೇರಿಸಲಾಗುವುದು. ಅಂಕಿತವನ್ನು ಮುರಿದು ಹಾಡಿದರೆ ಉಚ್ಚಾರದಲ್ಲಿ ಅಂಕ ಹೋಗುತ್ತದೆ. ತಾಳ ಒಮ್ಮೆ ತಪ್ಪಿ ಮರಳಿ ಹಿಡಿದರೆ ಒಂದೇ ಅಂಕ ಕಳೆಯುವುದು. ಭಾವದ ಹತ್ತು ಹಾಗೆಯೇ ಇರುತ್ತದೆ, ಏರಿಸುವುದಿಲ್ಲ.

ಸ್ಪರ್ಧೆಯ ಹಿಂದಿನ ದಿನ ಸಂಜೆ ನಾಲ್ಕು ಗಂಟೆಗೆ ಪ್ರಸಾದ ನಿಲಯದಲ್ಲಿ ಅರವತ್ತು ದಾಟಿದ ತಾಯಂದಿರು ಹಾಡುತ್ತಾರೆ. ಮೈಕು ಇರುವುದಿಲ್ಲ, ತೀರ್ಪುಗಾರರೂ ಇರುವುದಿಲ್ಲ. ಸ್ಪರ್ಧೆಗೆ ಹೆಸರು ಕೊಟ್ಟ ಮಕ್ಕಳು ಅಂದು ತಪ್ಪದೆ ಬಂದು ಅವರ ಜೊತೆ ಅಕ್ಕಿ ಆರಿಸಲು ಕೂರಬೇಕು. ದೂರದ ಊರಿನ ಅಜ್ಜಿಯರನ್ನು ಕರೆತರಲು ಮಠದ ಜೀಪು ಇದೆ, ಮುಂಚಿತವಾಗಿ ಕಚೇರಿಗೆ ತಿಳಿಸಿದರೆ ಸಾಕು.